ಹೇಳಿದ ದಿನಕ್ಕೆ ಬಟ್ಟೆ ಕೊಡುವ ದರ್ಜಿ

ಮೊದಲ ನೋಟಕ್ಕೆ ನನ್ನ ಜವಳಿ ಅಂಗಡಿಯ ಎದುರಿನ ದರ್ಜಿಯನ್ನು ತುಂಡು ಬಟ್ಟೆಯ ರಾಶಿಗೆ ಹಾಕಬೇಕೆನಿಸುತ್ತದೆ: ಅಗಲ ಕಡಿಮೆ, ಬಣ್ಣ ಮಾಸಿದೆ, ಕುತ್ತಿಗೆಯಲ್ಲಿ ಆಪರೇಷನ್ನಿನ ಹೊಲಿಗೆ ಬೇರೆ, ಹಿಡಿದು ಎಳೆದವರಿಗೆ ಮಾತ್ರ ನೇಯ್ಗೆ ಗಟ್ಟಿಯೆಂದು ಗೊತ್ತು. ಕ್ಯಾನ್ಸರ್ ಹೋಗಿ ಕೆಲವು ವರ್ಷಗಳಾದವು, ಆರು ತಿಂಗಳಿಗೊಮ್ಮೆ ಬರುವ ಸ್ಕ್ಯಾನ್ ಹೋಗಿಲ್ಲ. ಉಳಿದ ದಿನಗಳಲ್ಲಿ ಎಲ್ಲ ದರ್ಜಿಗಳಂತೆ "ನಾಳೆ ಬನ್ನಿ" ಎಂದು ಗಿರಾಕಿಗಳನ್ನು ಅಲೆಸುವವನು, ಸ್ಕ್ಯಾನಿನ ತಾರೀಖು ಹತ್ತಿರವಾದರೆ ಬಟ್ಟೆಯನ್ನು ತಾನೇ ಮನೆಗೆ ಮುಟ್ಟಿಸುತ್ತಾನೆ. ತಾನು ಕತ್ತರಿಸಿದ್ದನ್ನು ಬೇರೆಯವರು ಹೊಲಿಯುವಂತಾದೀತೆಂಬ ಭಯ. ಮದುವೆ ಗೊತ್ತಾದವರು ಅವನ ಹೆಂಡತಿಯನ್ನು ಗುಟ್ಟಾಗಿ ಕೇಳುತ್ತಾರೆ, "ಅಕ್ಕಾ, ಮುಂದಿನ ಸ್ಕ್ಯಾನ್ ಯಾವಾಗ?" ಆ ವಾರಗಳಲ್ಲಿ ಟೇಪು ಗಿರಾಕಿಗಳ ಮೈಗಿಂತ ಅವನ ಕುತ್ತಿಗೆಯನ್ನೇ ಹೆಚ್ಚು ಸುತ್ತುತ್ತದೆ. "ನೋಡಿ ಸಾವ್ಕಾರ್ರೇ, ಕುತ್ತಿಗೆ ಊದಿ ಕಾಲಿಂಚು ಜಾಸ್ತಿ ಆಗಿಲ್ವಾ?" "ಉಸಿರು ಬಿಗಿಹಿಡ್ಕೊಂಡು ಅಳೆದ್ರೆ ಇನ್ನೇನಾಗುತ್ತಯ್ಯಾ, ಮೊದ್ಲು ಉಸಿರು ಬಿಡು!" ಬಿಡುತ್ತಾನೆ, ಅಳೆಯುತ್ತಾನೆ, ನಗುತ್ತಾನೆ, ನಾನು ಒಂದು ಥಾನು ಬಟ್ಟೆ ಬಿಚ್ಚಿ ಮಡಚುವಷ್ಟರಲ್ಲಿ ಮತ್ತೆ ಬಾಗಿಲಲ್ಲಿ ನಿಂತಿರುತ್ತಾನೆ. ಸ್ಕ್ಯಾನಿನ ಬೆಳಗ್ಗೆ ಅವನ ಮಷೀನಿನ ಮೇಲೆ ಒಂದೇ ತೋಳಿನ ಅಂಗಿಯೊಂದು ಉಳಿದಿರುತ್ತದೆ, ಅದು ಅವನದೇ. "ಇದನ್ನ ಮುಗಿಸೋಕಾದ್ರೂ ವಾಪಸ್ ಬರ್ಬೇಕಲ್ಲ," ಎನ್ನುತ್ತಾನೆ. ಹೋದ ವರ್ಷ ನನ್ನ ಹೆಂಡತಿಗೆ ಡಾಕ್ಟರು ಅದೇ ಸ್ಕ್ಯಾನ್ ಬರೆದುಕೊಟ್ಟಾಗ, ಆಸ್ಪತ್ರೆಯ ವಾಸನೆ ಬಂದರೇ ಹಿಂದೆ ಸರಿಯುವ ಈ ಮನುಷ್ಯ ಅಂಗಡಿ ಮುಚ್ಚಿ ಬಂದು, ರಿಪೋರ್ಟ್ ಕೈಗೆ ಬರುವವರೆಗೂ ನಮ್ಮ ಪಕ್ಕದಲ್ಲೇ ಕೂತಿದ್ದ. ಅಂಥದೊಂದು ದಿನದ ಬಾಕಿಯನ್ನು ನಾನು ಅವನಿಗೆ ತೀರಿಸಬೇಕಿದೆ.