ಗಡಿ ದಾಟಿದ ಚುರುಮುರಿ ಭಟ್ಟಿ

ಪಕ್ಕದ ಮನೆಯ ಮಾವಶಿಯ ಬಲಗೈಯಲ್ಲಿ ಮೊಣಕೈಯಿಂದ ಕೆಳಗೆ ಒಂದು ಕೂದಲೂ ಇರಲಿಲ್ಲ. ಚುರುಮುರಿ ಹುರಿಯುವ ಭಟ್ಟಿಯ ಬೆಂಕಿಬಾಯಿ ಆ ಕೈಯ ಕಡೆಗಿತ್ತು. ಅವರನ್ನು ನಾವು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಸಂಬಂಧವೇನೂ ಇಲ್ಲ, ಎರಡು ಮನೆಗಳ ನಡುವೆ ಒಂದೇ ಗೋಡೆ. ಕಾದ ಉಸುಕಿಗೆ ಉಪ್ಪು ಹಚ್ಚಿದ ಅಕ್ಕಿ ಸುರಿದು, ಅರಳಿದ್ದೇ ತಡ ಜರಡಿಗೆ ಬಳಿಯುವಾಗಲೂ ಅವರ ಮಾತು ಬಾಗಿಲಲ್ಲಿ ಹೊರಸಿನ ಮೇಲೆ ಮಲಗಿದ್ದ ಗಂಡನ ಜೊತೆ ನಡೆದೇ ಇರುತ್ತಿತ್ತು. ಲಕ್ವ ಹೊಡೆದ ಆ ಮನುಷ್ಯನಿಂದ ಬರುತ್ತಿದ್ದುದು ಬರೀ ‘ಹ್ಞಾ’. ಮಾವಶಿಗೆ ಅಷ್ಟು ಸಾಕಿತ್ತು, ಇಡೀ ಓಣಿಯ ಸುದ್ದಿ ಅವನ ಮುಂದೆ ಚರ್ಚೆಯಾಗುತ್ತಿತ್ತು.

ಶೇಂಗಾ ಹೊಟ್ಟು ಒಲೆಗೆ ಹಾಕುವ ಮುಂಚೆ ನಮಗೊಂದು ಕೂಗು ಹಾಕುತ್ತಿದ್ದರು, ಕಿಟಕಿ ಮುಚ್ಚಿ ಕೂಸನ್ನು ಒಳಗೆ ಕರೆದುಕೊಳ್ಳಲಿ ಎಂದು. ನನ್ನ ಮಗಳಿಗೆ ದಮ್ಮು. ಹೊಗೆ ತಾಗಿದರೆ ಅವಳ ತುಟಿ ನೀಲಿಯಾಗುತ್ತಿತ್ತು. ಆ ಭಟ್ಟಿ ಹಾಳಾಗಿ ಹೋಗಲಿ ಎಂದು ಮಧ್ಯಾಹ್ನ ಶಪಿಸುತ್ತಿದ್ದೆ, ಸಂಜೆ ಅವರೇ ಕೊಟ್ಟ ಬಿಸಿ ಚುರುಮುರಿಗೆ ಎಣ್ಣೆ ಖಾರ ಹಚ್ಚುತ್ತಿದ್ದೆ. ಏನು ಮಾಡಲಿ, ಎರಡೂ ನಿಜವೇ.

ತೊಂಬತ್ತರ ದಶಕದಲ್ಲಿ ಪುರಸಭೆಯ ಹುಕುಂ ಬಂತು: ಹೊಗೆಯ ಭಟ್ಟಿಗಳೆಲ್ಲ ಊರ ಗಡಿಯಾಚೆ ಹೋಗಬೇಕು. ಗ್ಯಾಸ್ ಹಾಕಿಸಿದರೆ ಇಲ್ಲೇ ಇರಬಹುದಂತೆ. ಮನೆಯ ಒಲೆಗೇ ವರ್ಷಗಟ್ಟಲೆ ಸಿಲಿಂಡರ್ ಸಿಗದ ಕಾಲವದು. ಮಾವಶಿ ನಕ್ಕುಬಿಟ್ಟರು. ನಿಪ್ಪಾಣಿ ರಸ್ತೆಯಲ್ಲಿ, ಗಡಿ ಮುಗಿದ ಕೂಡಲೇ, ತಗಡಿನ ಶೆಡ್ಡು ಹಾಕಿದರು. ಗಂಡನನ್ನು ಮನೆಯಲ್ಲಿ ಬಿಟ್ಟು ಕೀಲಿ ಹಾಕಿಕೊಂಡು ಹೋಗಿರೆಂದು ಓಣಿಯವರು ಬುದ್ಧಿ ಹೇಳಿದರು.

“ಕೀಲಿ ಹಾಕಿದ ಮ್ಯಾಲ ಅಂವಾ ಯಾರಿಗಿ ಹ್ಞಾ ಅನಬೇಕ್ರಿ?” ಎಂದರು ಮಾವಶಿ.

ದಿನಾ ಮುಂಜಾನೆ ಕೈಗಾಡಿಯ ಮೇಲೆ ಅಕ್ಕಿ ಚೀಲ, ಚೀಲಕ್ಕೆ ಒರಗಿಸಿದ ಗಂಡ.

ನನ್ನ ಮಗಳು ರಾತ್ರಿ ನಿದ್ದೆ ಮಾಡತೊಡಗಿದಳು. ಊರ ಹೊಗೆ ಇಳಿಯಿತೆಂದು ಪುರಸಭೆಯವರು ಭಾಷಣ ಮಾಡಿದರು. ಇಳಿದದ್ದು ಸುಳ್ಳಲ್ಲ. ಆದರೆ ಸುಡುವ ಹೊಟ್ಟು ಅಷ್ಟೇ ಇತ್ತು. ಸಾಲದ್ದಕ್ಕೆ, ಮೊದಲು ತಲೆಯ ಮೇಲೆ ಪೇಟೆಗೆ ಹೋಗುತ್ತಿದ್ದ ಚುರುಮುರಿ ಚೀಲಗಳಿಗೆ ಈಗ ಟೆಂಪೋ ಬೇಕಾಗಿ ಅದರ ಹೊಗೆ ಬೇರೆ. ತಗಡಿನ ಕೆಳಗೆ ಗಾಳಿಯಾಡದೆ ಆ ದಂಪತಿ ಕೆಮ್ಮುತ್ತ ಕೂರುತ್ತಿದ್ದರು.

ಕೆಲವೇ ವರ್ಷಗಳಲ್ಲಿ ಶೆಡ್ಡಿನ ಸುತ್ತ ಪ್ಲಾಟು ಬಿದ್ದವು, ಮನೆಗಳೆದ್ದವು. ಊರಿನ ಗಡಿ ಅವರನ್ನು ದಾಟಿ ಮುಂದೆ ಹೋಯಿತು. ನಿಂತಲ್ಲೇ ನಿಂತವರು ಮತ್ತೆ ಊರೊಳಗಾದರು, ಮತ್ತೆ ಅದೇ ನೋಟೀಸು. ಈ ಸಲ ಕರೋಶಿ ಹಳ್ಳಿಯಲ್ಲಿ ತವರಿನವರ ಹೊಲದ ಬದುವಿಗೆ ಹೋದರು. ಆ ವರ್ಷವೇ ಗಂಡ ತೀರಿಕೊಂಡ.

ನೋಡಲು ಹೋದಾಗ ಮಾವಶಿ ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಭಟ್ಟಿ ಬಿಡಿ, ನಮ್ಮಲ್ಲಿಗೇ ಬನ್ನಿ ಎಂದೆ. ಭಟ್ಟಿ ಬಿಟ್ಟರೆ ಇನ್ನೇನು ಬರುತ್ತದೆ ತನಗೆ ಎಂದು ಕೇಳಿ, ಮಗಳ ಸುದ್ದಿ ವಿಚಾರಿಸಿದರು. ಶಾಲೆಯ ಓಟದ ಪಂದ್ಯಕ್ಕೆ ಸೇರಿದ್ದಾಳೆ ಎಂದೆ.

“ಓಡ್ಲಿ ಬಿಡವಾ. ಯಾರರೆ ಒಬ್ರು ಪಾರಾದ್ರಲ್ಲ.”

ಮುಂದಿನ ಬೇಸಿಗೆಗೆ ಮಾವಶಿ ಇರಲಿಲ್ಲ. ಔಷಧಿಯಿಂದ ತನ್ನ ದಮ್ಮು ಹೋಯಿತೆಂದೇ ಮಗಳು ಇಂದಿಗೂ ತಿಳಿದಿದ್ದಾಳೆ. ಅದು ಎಲ್ಲಿಗೆ ಹೋಯಿತೆಂದು ನಾನು ಕರೋಶಿಯಲ್ಲಿ ನೋಡಿ ಬಂದಿದ್ದೇನೆ.