ಆನೆಗೊಂದು ಹಕಾರ

ಕಾಲೇಜಿನ ಮೊದಲ ವರ್ಷ, ಕನ್ನಡ ತರಗತಿಯಲ್ಲಿ ಎದ್ದು ನಿಂತು ಪಾಠ ಓದುವಾಗ ನಾನು ಆನೆಯನ್ನು 'ಹಾನೆ' ಅಂದೆ. ನಮ್ಮ ಮನೆಯ ಮಾತಿನಲ್ಲಿ ಹಕಾರವೇ ಇಲ್ಲ. ಹಾಲು ಆಲು, ಹೂವು ಊವು. ದೊಡ್ಡವರ ಮುಂದೆ ಶುದ್ಧವಾಗಿ ಮಾತಾಡಲು ಹೋದಾಗ ಮಾತ್ರ ಅದನ್ನು ಬೇಡದ ಕಡೆ ತಗುಲಿಸಿಬಿಡುತ್ತಿದ್ದೆವು. ಮೇಷ್ಟ್ರು ಪುಸ್ತಕ ಮಡಚಿ, "ಇದು ಯಾವ ಕಾಡಿನ ಪ್ರಾಣಿಯಮ್ಮ? ಇನ್ನೊಂದ್ಸಲ ಕರಿ, ಬರುತ್ತೇನೋ ನೋಡೋಣ" ಅಂದರು. ಇಡೀ ತರಗತಿ ನಕ್ಕಿತು. ಡಿಗ್ರಿ ಮುಗಿಯುವವರೆಗೆ ನನ್ನ ಹೆಸರು ಹಾನೆ. ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಅದು ಕೈಗೆ ಬಂದ ದಿನ ನನಗೆ ಮೊದಲು ನೆನಪಾದದ್ದು ಅಮ್ಮನಲ್ಲ, ಆ ಮೇಷ್ಟ್ರು. ಎಲ್ಲಾದರೂ ಸಿಕ್ಕೇ ಸಿಗುತ್ತಾರೆ ಅಂದುಕೊಂಡೆ.

ಸಿಕ್ಕರು, ಹೋದ ಬೇಸಿಗೆ ರಜದಲ್ಲಿ. ಮೈಸೂರಿನ ಮ್ಯೂಸಿಯಂ ಒಂದರಲ್ಲಿ ಅಳಿದುಹೋದ ಪ್ರಾಣಿಗಳ ಪ್ರದರ್ಶನ ನಡೆದಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು, ನೋಡದೆ ಇರಲಾದೀತೆ? ಅಮ್ಮನನ್ನೂ ಕರೆದುಕೊಂಡು ಹೋದೆ. ಮಂಡಿ ಮೊಹಲ್ಲಾದ ಒಂದೇ ಕೋಣೆಯಲ್ಲಿ ಊದುಬತ್ತಿ ಹೊಸೆದು ನನ್ನನ್ನು ಓದಿಸಿದವಳು. ಬಾಗಿಲಲ್ಲೇ ಕತ್ತು ಆಡಿಸಿ ಅರಚುತ್ತಿದ್ದ ಯಂತ್ರದ ಡೈನೋಸಾರ್ ನೋಡಿ, "ಇದಕ್ಕಿಂತ ನಿಮ್ಮ ಸೋದರತ್ತೆನೇ ಜೋರು ಬುಡು" ಅಂದಳು.

ಒಳಗೆ ಮ್ಯಾಮತ್ ಇತ್ತು, ಮೈತುಂಬ ಕೂದಲಿದ್ದ ಹಳೆಯ ಕಾಲದ ಆನೆ. ಅದರ ದವಡೆಯ ಪಕ್ಕ ನಿಂತು ಜನರಿಗೆ ಕನ್ನಡದಲ್ಲಿ ವಿವರಿಸುತ್ತಿದ್ದವರು ಅದೇ ಮೇಷ್ಟ್ರು. ನಿವೃತ್ತರಾದ ಮೇಲೆ ಈ ಕೆಲಸ ಹಿಡಿದಿದ್ದರು, ಬಿಳಿ ಜುಬ್ಬ ಹಾಕಿದ್ದರು. ಅವರಿಗೆ ನನ್ನ ಗುರುತು ಹತ್ತಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಸೆರಗು ಸರಿಮಾಡಿಕೊಂಡು, ಆದಷ್ಟು ನಯವಾಗಿ ಕೇಳಿದಳು: "ಸ್ವಾಮಿ, ಈ ಹಾನೆಗೆ ಅಲ್ಲು ಸವೆದೋದ್ರೆ ಮತ್ತೆ ಬತ್ತದಾ?"

ಮೇಷ್ಟ್ರು ಜನರ ಕಡೆ ತಿರುಗಿದರು. "ಮೊದಲು ಆ ಆನೆ ಮೇಲಿನ ಹಕಾರ ಬಿಚ್ಚಿ ಹಲ್ಲಿಗೆ ತೊಡಿಸಿ ತಾಯಿ. ಸವೆಯೋ ವಿಚಾರ ಆಮೇಲೆ."

ಜನ ನಕ್ಕರು. ಯಾಕೆಂದು ತಿಳಿಯದೆ ಅಮ್ಮನೂ ನಕ್ಕಳು. ಅವಳ ಆ ನಗು ನನ್ನನ್ನು ಸುಟ್ಟಿತು.

"ಹಕಾರ ಆಯ್ತು ಸಾರ್. ಅವರು ಕೇಳಿದ್ದಕ್ಕೆ ಉತ್ತರ?" ಅಂದೆ.

"ಅದೇನಮ್ಮ, ನಮ್ಮ ಹಾಗೇ. ಹಾಲುಹಲ್ಲು ಬೀಳುತ್ತೆ, ಇನ್ನೊಂದು ಬರುತ್ತೆ."

"ಅಲ್ಲ ಸಾರ್. ದವಡೆಹಲ್ಲು ಆರು ಸಲ ಬರುತ್ತೆ. ಹೊಸದು ಹಿಂದೆ ಹುಟ್ಟಿ, ಸವೆದದ್ದನ್ನ ಮುಂದಕ್ಕೆ ತಳ್ಳುತ್ತೆ. ನಿಮ್ಮ ಬೆನ್ನ ಹಿಂದಿರೋ ಬೋರ್ಡಲ್ಲೇ ಇದೆ. ಓದಿ. ಸ್ವಲ್ಪ ಜೋರಾಗಿ, ಎಲ್ಲರಿಗೂ ಕೇಳಲಿ."

ಅವರು ಜೇಬಿನಲ್ಲಿ ಕನ್ನಡಕ ತಡಕಿ ಹಾಕಿಕೊಂಡು, ನಡುನಡುವೆ ತಡವರಿಸುತ್ತ ಓದಿದರು. ಆಗಲೇ ನಕ್ಕಿದ್ದ ಜನವೇ ಮತ್ತೆ ನಕ್ಕಿತು. ನನಗೆ ಹಿತವಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಅವರು ಸುಲಭಕ್ಕೆ ಸೋಲುವವರಲ್ಲ. ನನ್ನನ್ನೇ ದಿಟ್ಟಿಸಿ, "ನೀನು ನಮ್ಮ ಕಾಲೇಜಿನವಳಲ್ವಾ?" ಅಂದವರೇ ಜನರಿಗೆ ಸಾರಿದರು: "ನೋಡಿ, ನನ್ನ ಶಿಷ್ಯೆ."

"ನಿಮ್ಮ ಮೇಷ್ಟ್ರಾ? ಕಾಲಿಗೆ ಬೀಳು ಕಣಮ್ಮ," ಅಮ್ಮ ತಾನೇ ಕೈಮುಗಿದಳು. ಹರಸಲು ಮೇಷ್ಟ್ರ ಕೈ ಆಗಲೇ ಮೇಲೆದ್ದಿತ್ತು.

"ಕಾಲೇಜು ಅದೇ ಸಾರ್. ಕಲಿತದ್ದು ನಿಮ್ಮಿಂದಲ್ಲ."

ನಾನು ಬಗ್ಗಲಿಲ್ಲ. ಅಮ್ಮನ ತೋಳು ಹಿಡಿದು ಪಕ್ಕದ ಕೋಣೆಗೆ ನಡೆದೆ. "ಗುರುಗಳಿಗೆ ಅಂಗನ್ನಬಾರದು" ಎಂದು ಅವಳು ಮನೆ ಸೇರುವವರೆಗೂ ಗೊಣಗಿದಳು. ಗೊಣಗಲಿ. ಆ ಕೈ ಎಷ್ಟು ಹೊತ್ತು ಹಾಗೇ ಗಾಳಿಯಲ್ಲಿ ನಿಂತಿತ್ತೋ, ತಿರುಗಿ ನೋಡಲಿಲ್ಲ. ಅದೊಂದನ್ನು ನೋಡಿ ಬರಬೇಕಿತ್ತು.