ಒಂದು ಪಟ್ಟಿ ದೋಣಿ, ಎರಡು ಜೊತೆ ಕೈ

ಬೇಸಿಗೆ ಮುಗಿಯುತ್ತ ಬಂದಿದೆ. ಹೊಳೆಯ ನೀರು ಇಳಿದು ದಡದ ಕೆಸರು ಬಿರುಕು ಬಿಟ್ಟಿದೆ. ಸೂರ್ಯ ಹುಟ್ಟುವ ಮೊದಲೇ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೀಸುಳಿಯ ಸದ್ದು ಕೇಳುತ್ತದೆ. ಒಳಗೆ ಮರದ ಅಚ್ಚುಗಳ ಸಾಲಿನ ಮೇಲೆ ದೋಣಿಯೊಂದು ಬೋರಲು ಮಲಗಿದೆ. ಮೇಸ್ತ್ರಿ ಅದರ ಬೆನ್ನಿನ ಮೇಲೆ ಕೀಸುಳಿ ಎಳೆಯುತ್ತಿದ್ದಾರೆ. ಆಚೆ ಬದಿಯಲ್ಲಿ ಅವರ ಹೆಂಡತಿ ಕಣ್ಣು ಮುಚ್ಚಿಕೊಂಡು ಮರದ ಮೇಲೆ ಅಂಗೈ ಆಡಿಸುತ್ತಿದ್ದಾರೆ.

“ಇಲ್ಲೊಂಚೂರು ಉಬ್ಬಿದೆ, ರೀ.”

“ಎಲ್ಲಿ? ನನಗೇನೂ ಕಾಣಿಸ್ತಿಲ್ಲವಲ್ಲ.”

“ಕಣ್ಣು ಬಿಟ್ಕೊಂಡು ನೋಡಿದ್ರೆ ಎಲ್ಲಿ ಕಾಣುತ್ತೆ?”

ಮೇಸ್ತ್ರಿ ಅಲ್ಲಿ ಎರಡು ಸಲ ಕೀಸುತ್ತಾರೆ.

ಸುತ್ತಮುತ್ತಲಿನವರಿಗೆ ಇವರು ‘ಪಟ್ಟಿ ಮೇಸ್ತ್ರಿ’. ಹಿಂದೆ ಬಾಗಿಲು, ಕಿಟಕಿ ಮಾಡುತ್ತಿದ್ದ ಬಡಗಿ. ಯಾರೋ ರಿಪೇರಿಗೆಂದು ತಂದುಹಾಕಿದ ಒಡಕು ದೋಣಿಯನ್ನು ಬಿಚ್ಚಿ ನೋಡಿ ಈ ಕೆಲಸ ಕಲಿತವರು. ಹಲಗೆಯ ದೋಣಿ ಎತ್ತಲು ನಾಲ್ಕು ಜನ ಬೇಕು. ಪಟ್ಟಿಯ ದೋಣಿಯನ್ನು ಒಬ್ಬಳೇ ಹೆಂಗಸು ಹೆಗಲಿಗೇರಿಸಿಕೊಂಡು ನಡೆಯಬಹುದು. ಪೆನ್ಸಿಲ್ಲಿಗಿಂತ ತೆಳ್ಳಗೆ ಸೀಳಿದ ಮರದ ಉದ್ದನೆಯ ಪಟ್ಟಿಗಳು. ಒಂದಂಚು ಉರುಟು, ಇನ್ನೊಂದಂಚಿಗೆ ಗುಳಿ. ಗುಳಿಗೆ ಅಂಟು ಸವರಿ, ಮುಂದಿನ ಪಟ್ಟಿಯ ಉರುಟು ಅಂಚನ್ನು ಅದರೊಳಗೆ ಕೂರಿಸಿ, ಅಚ್ಚಿನ ಬಾಗಿಗೆ ಬಗ್ಗಿಸಿ ಬಿಗಿಯುತ್ತಾರೆ. ಬಲಕ್ಕೊಂದು ಹಾಕಿದರೆ ಎಡಕ್ಕೊಂದು ಹಾಕಲೇಬೇಕು. ದಿನಕ್ಕೆ ಆರು ಪಟ್ಟಿ ಕೂತರೆ ಒಳ್ಳೆಯ ದಿನ.

ಈ ನಿಯಮ ಮೊದಲ ದೋಣಿ ಕಲಿಸಿದ್ದು. “ಆತುರಗಾರನಿಗೆ ಬುದ್ಧಿ ಮಟ್ಟ ನೋಡಿ. ಒಂದು ಮಗ್ಗುಲು ಪೂರ್ತಿ ಮುಗಿಸಿಬಿಟ್ಟು ಆಮೇಲೆ ಇನ್ನೊಂದು ಹಿಡಿದೆ” ಎಂದು ನಗುತ್ತಾರೆ ಮೇಸ್ತ್ರಿ. “ಅಂಟು ಒಣಗ್ತಾ ಒಣಗ್ತಾ ಒಂದೇ ಕಡೆ ಎಳೀತು. ಅಚ್ಚಿನಿಂದ ಎತ್ತಿದ್ರೆ ದೋಣಿ ಸೊಟ್ಟ.”

“ನೇರ ಹೋಗು ಅಂದ್ರೆ ಎಡಕ್ಕೇ ತಿರುಗೋದು” ಎನ್ನುತ್ತಾರೆ ಹೆಂಡತಿ. “ನನ್ನ ತವರೂ ಆ ಕಡೇನೇ. ನಿಮಗಿಂತ ದೋಣಿಗೇ ಬುದ್ಧಿ ಜಾಸ್ತಿ ಅಂದಿದ್ದೆ.”

ಪಟ್ಟಿ ಕೂಡಿಸಿದ ಮಾತ್ರಕ್ಕೆ ದೋಣಿಯಾಗುವುದಿಲ್ಲ. ಅದರ ಮೇಲೆ ತೆಳುವಾದ ಫೈಬರ್ ಬಟ್ಟೆ ಹಾಸಿ, ಒಣಗಿದರೆ ಗಾಜಿನಂತೆ ಗಟ್ಟಿಯಾಗುವ ರೆಸಿನ್ ಎಂಬ ಅಂಟುದ್ರವ ಕುಡಿಸಬೇಕು. ಇಲ್ಲದಿದ್ದರೆ ಅದು ನೀರು ಸೋರುವ ಬುಟ್ಟಿ. ಮೇಸ್ತ್ರಿಗೆ ಪೆಟ್ಟು ಬಿದ್ದಿರುವುದು ಇಲ್ಲಿಯೇ. ವರ್ಷಗಟ್ಟಲೆ ಬರಿಗೈಯಲ್ಲಿ ರೆಸಿನ್ ಮುಟ್ಟಿದ ಮೈ ಕಳೆದ ಮಳೆಗಾಲ ತಿರುಗಿಬಿತ್ತು. ಮೊಣಕೈವರೆಗೂ ಬೊಕ್ಕೆ, ಕಣ್ಣು ಊದಿಕೊಂಡು ಮುಚ್ಚಿಹೋದವು. ಇನ್ನು ಅದರ ಗಾಳಿಯೂ ಸೋಕಕೂಡದೆಂದರು ವೈದ್ಯರು. ಆಗ ದಿನವೂ ಸಂಜೆ ಬಂದು ಕೈ ತೊಳೆದು, ಮುಲಾಮು ಹಚ್ಚಿ, ಪಟ್ಟಿ ಕಟ್ಟಿದವರು ಆಚೆ ದಡದ ಮನೆಗಳಿಗೂ ಹೋಗಿಬರುವ ನರ್ಸಮ್ಮ. ಒಂದು ಬಿಡಿಗಾಸನ್ನೂ ಮುಟ್ಟಲಿಲ್ಲ. ಅವರ ಹಳೇ ದೋಣಿ ಮುರುಕಾಗಿದೆ. ಹೊಳೆ ತುಂಬುವ ಮೊದಲು ಅವರಿಗೊಂದು ಹಗುರ ದೋಣಿ ಕೊಟ್ಟು ಋಣ ತೀರಿಸಬೇಕೆಂದು ಮೇಸ್ತ್ರಿ ಹಟ ಹಿಡಿದು ಕೂತಿದ್ದಾರೆ. ಮರದ ಕೆಲಸ, ಪಟ್ಟಿಯ ಕೆಲಸ ಮೇಸ್ತ್ರಿಯದು. ರೆಸಿನ್ ಮಾತ್ರ ಇಂದು ಹೆಂಡತಿಯದು; ಆಕೆಯ ಕೈಗೆ ಇದೇ ಮೊದಲು. ರೆಸಿನ್ ಕೆಟ್ಟರೆ ಬೇಸಿಗೆಯ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ರೆಸಿನ್ ಹಚ್ಚಲು ಇಳಿಹೊತ್ತೇ ಆಗಬೇಕು. “ಬಿಸಿಲು ಏರುವಾಗ ಮರ ಉಸಿರು ಬಿಡುತ್ತೆ, ರೆಸಿನ್ ತುಂಬ ಗುಳ್ಳೆ ಏಳುತ್ತೆ. ತಂಪಾಗುವಾಗ ಉಸಿರು ಎಳ್ಕೊಳ್ಳುತ್ತೆ. ಆಗ ಕೊಟ್ಟಿದ್ದನ್ನೆಲ್ಲ ಕುಡಿಯುತ್ತೆ” ಎಂಬುದು ಮೇಸ್ತ್ರಿಯ ಪಾಠ. ಇಂದು ಮಧ್ಯಾಹ್ನವೇ ಮೋಡ ಕವಿದು ತಂಪಾಯಿತು; ಸಂಜೆಗೆ ಕಾಯುವುದು ಬೇಡವೆನಿಸಿತು. ಹೆಂಡತಿ ಗಂಡನ ಹಳೇ ಅಂಗಿ ತೊಟ್ಟು, ಕೈಗವಸು, ಮೂಗಿನ ಮುಸುಕು ಹಾಕಿಕೊಂಡು ಒಳಗೆ ಹೋದರು. ಮೇಸ್ತ್ರಿ ಮುಚ್ಚಿದ ಕಿಟಕಿಯ ಗಾಜಿನಾಚೆ ನಿಂತರು.

“ನಡುವಿನಿಂದ ಅಂಚಿಗೆ ಎಳಿ! ನಿರಿಗೆ ಬೀಳಿಸಬೇಡ!”

“ಹಾಸಿಗೆಗೆ ಚಾದರ ಹಾಸೋದು ನಿಮ್ಮಿಂದ ಕಲೀಬೇಕಾ? ಮದುವೆಯಾದಾಗಿನಿಂದ ಒಂದು ದಿನ ಹಾಸಿದ್ದೀರಾ?”

ಬಿಳಿ ಬಟ್ಟೆ ರೆಸಿನ್ ಕುಡಿದಂತೆ ಮಾಯವಾಗುತ್ತ, ಅಡಿಯ ಮರ ಜೇನಿನ ಬಣ್ಣದಲ್ಲಿ ಎದ್ದುಬರುತ್ತದೆ. ಅರ್ಧ ದೋಣಿ ಮುಗಿಯುವ ಹೊತ್ತಿಗೆ ಮೋಡ ಸರಿದು ಸುಡುಬಿಸಿಲು ತಗಡಿನ ಮೇಲೆ ಬಿತ್ತು. ದೋಣಿಯ ಬೆನ್ನಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಏಳತೊಡಗಿದವು. ಮೇಸ್ತ್ರಿ ಬಾಗಿಲಿಗೆ ಓಡಿದರು.

“ಹೊಸ್ತಿಲು ದಾಟಿದ್ರೆ ನೋಡಿ ಮತ್ತೆ!” ಒಳಗಿನಿಂದ ಗದರಿಕೆ. “ಬರೋದಾದ್ರೆ ಮಾಡಿನ ಮೇಲೆ ಹೋಗಿ. ತಗಡಿಗೆ ನೀರು ಹೊಯ್ಯಿರಿ. ಶೆಡ್ಡು ತಣ್ಣಗಾಗ್ಲಿ!”

ಇದು ಮೇಸ್ತ್ರಿಗೂ ಹೊಳೆದಿರದ ಉಪಾಯ. ಏಣಿ ಹತ್ತಿ ಕೊಡಗಟ್ಟಲೆ ನೀರು ಹೊಯ್ದರು. ಕಾದ ತಗಡು ಚುರ್ರೆಂದಿತು; ಸೂರಿನಿಂದ ಮಳೆಯಂತೆ ನೀರಿಳಿಯಿತು. ಒಳಗೆ ಹೆಂಡತಿ ರಬ್ಬರಿನ ಬಿಲ್ಲೆಯಿಂದ ಗುಳ್ಳೆಗಳನ್ನು ಒಂದೊಂದಾಗಿ ಅಂಚಿಗೆ ನೂಕಿದರು. ಕತ್ತಲಾಗುವ ಮೊದಲು ಹೊಸ ಗುಳ್ಳೆ ಏಳುವುದು ನಿಂತಿತು.

ಮರುದಿನ ಬೆಳಿಗ್ಗೆ ರೆಸಿನ್ ಗಟ್ಟಿಯಾಗಿದೆ. ಉಜ್ಜುವುದು, ಒಳಮೈಗೆ ಬಟ್ಟೆ ಹಾಸುವುದು ಇನ್ನೂ ಉಳಿದಿದ್ದರೂ ಗಂಡಾಂತರ ಕಳೆದಿದೆ. ಕೆಲಸಕ್ಕೆ ಹೊರಟ ನರ್ಸಮ್ಮ ಒಳಹೊಕ್ಕು ದೋಣಿಯ ಬೆನ್ನು ಸವರುತ್ತಾರೆ. ಮೂತಿಯ ಹತ್ತಿರ ಎರಡು ಗುಳ್ಳೆಗಳ ಗುರುತಿದೆ. ಬೆರಳು ಅಲ್ಲಿ ನಿಂತು ಮುಂದೆ ಹೋಗುತ್ತದೆ.

“ನೀರು ಬರಲ್ಲ ತಾನೆ?”

“ಬಂದ್ರೆ ಇವರನ್ನೇ ಕೂರಿಸಿ ಮೊಗೆಸೋಣ” ಎನ್ನುತ್ತಾರೆ ಹೆಂಡತಿ.

ನರ್ಸಮ್ಮ ನಗುತ್ತ ಹೊರಬಂದು, ಅಂಗಳದಲ್ಲೇ ನಿಂತಿರುವ ಮೇಸ್ತ್ರಿಯ ಕೈಗಳನ್ನು ಹಿಂದುಮುಂದು ತಿರುಗಿಸಿ ನೋಡುತ್ತಾರೆ. “ವಾಸಿಯಾಗಿದೆ. ನನ್ನ ಲೆಕ್ಕ ಚುಕ್ತಾ ಆಯ್ತು ಬಿಡಿ, ಮೇಸ್ತ್ರಿಗಳೇ.”

“ನಿಮ್ಮದು ತೀರ್ತು, ತಾಯಿ” ಎನ್ನುತ್ತಾರೆ ಅವರು, ಶೆಡ್ಡಿನ ಬಾಗಿಲ ಕಡೆ ಗಲ್ಲ ಎತ್ತಿ. “ಇವಳ ಋಣ ನಿನ್ನೆಯಿಂದ ಶುರುವಾಯ್ತು.”

“ನಿನ್ನೆಯಿಂದಂತೆ!” ಒಳಗಿನಿಂದ ದನಿ ಬರುತ್ತದೆ. ದೋಣಿ ಉಜ್ಜುವ ಉಪ್ಪುಕಾಗದದ ಸದ್ದು ಆಗಲೇ ಶುರುವಾಗಿದೆ.